ನಕ್ಷೆ ಹಂಚುವ ಮುಕ್ತ ತಂತ್ರಾಂಶ: ಕಟ್ಟಿದರೆ ಸಾಲದು, ಕಾಯಲೂ ಬೇಕು

(ಜಲಾನಯನ ಸಂಘಗಳ ಪ್ರತಿನಿಧಿಗಳು ಮತ್ತು ಕೃಷಿ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಆದರೆ ಆ ಕೆರೆಯನ್ನು ನೂರಾರು ವರ್ಷ ಉಳಿಸಿದವರು ಯಾರು? ಏರಿಯ ಮೇಲೆ ಹುಟ್ಟಿದ ಜಾಲಿ ಗಿಡ ಕಿತ್ತವರು, ಏಡಿ ತೋಡಿದ ಬಿಲ ಮುಚ್ಚಿದವರು, ಬೇಸಿಗೆಯಲ್ಲಿ ಹೂಳು ಹೊತ್ತವರು, ಮಳೆಯ ರಾತ್ರಿ ಎದ್ದು ಹೋಗಿ ಕೋಡಿ ನೋಡಿ ಬಂದ ನೀರುಗಂಟಿ. ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಇವರು ಕೈಬಿಟ್ಟ ಕೆರೆಗಳ ಗತಿ ಏನಾಯಿತೆಂಬುದನ್ನು ನಮ್ಮ ಬಯಲುಸೀಮೆಯ ಜನರಿಗೆ ನಾನು ಹೇಳಬೇಕಾಗಿಲ್ಲ.

ಇಂದು ನಾನು ಮಾತನಾಡಬೇಕಾಗಿರುವುದು ಕೆರೆಯ ಬಗ್ಗೆ ಅಲ್ಲ, ನಕ್ಷೆಗಳನ್ನು ಹಂಚುವ ಮುಕ್ತ ತಂತ್ರಾಂಶದ ಬಗ್ಗೆ. ರೈತರಿಗೆ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕೆರೆಗೆ ಹೇಗೋ ಇದಕ್ಕೂ ಹಾಗೆಯೇ. ಕಟ್ಟುವುದು ಒಂದು ಸಲದ ಕೆಲಸ, ಕಾಯುವುದು ಪ್ರತಿವರ್ಷದ ಕೆಲಸ. ಇದನ್ನು ಮರೆತದ್ದರಿಂದ ಆದ ನಷ್ಟವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದನ್ನೂ ಮುಚ್ಚುಮರೆಯಿಲ್ಲದೆ ತಮ್ಮ ಮುಂದೆ ಇಡುತ್ತೇನೆ.

ನಕ್ಷೆ ನಮ್ಮ ಕೈಗೆ ಬರುವ ಬಗೆ

ತಮ್ಮಲ್ಲಿ ಅನೇಕರ ಮೊಬೈಲಿನಲ್ಲಿ ದಿಶಾಂಕ್ ಇದೆ. ಹೊಲದಲ್ಲಿ ನಿಂತು ಅದನ್ನು ತೆರೆದರೆ ನಿಂತಿರುವ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸುಜಲ-3 ಯೋಜನೆಯ ಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆದು, ಮಣ್ಣಿನ ಆಳ, ಇಳಿಜಾರು, ಪೋಷಕಾಂಶ, ಯಾವ ಬೆಳೆಗೆ ಯಾವ ಭೂಮಿ ಸೂಕ್ತ ಎಂಬ ವಿವರಗಳೆಲ್ಲ ಸರ್ವೆ ನಂಬರುವಾರು ನಕ್ಷೆಗಳಾದುವು. ಇಂತಹ ಮಾಹಿತಿ ಕಾಗದದ ಮೇಲೆ ಮಾತ್ರ ಇದ್ದರೆ ಕಚೇರಿಯ ಬೀರುವಿನಲ್ಲಿ ಉಳಿಯುತ್ತದೆ. ಅದನ್ನು ಎಲ್ಲರಿಗೂ ಎಟುಕುವಂತೆ ಮಾಡಬೇಕಾದರೆ ನಡುವೆ ಒಂದು ತಂತ್ರಾಂಶ ಬೇಕು.

ಆ ತಂತ್ರಾಂಶದ ಕೆಲಸ ಸ್ಥೂಲವಾಗಿ ಹೀಗಿದೆ. ಒಂದು ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ, ಹೊಲಗಳ ಗಡಿ, ಹಳ್ಳ, ಕೊಳವೆಬಾವಿ, ಮಣ್ಣಿನ ವರ್ಗ ಇವೆಲ್ಲ ಬೇರೆ ಬೇರೆ ಪದರಗಳಾಗಿ ಶೇಖರವಾಗಿರುತ್ತವೆ. ತಮ್ಮ ಮೊಬೈಲು ಅದಕ್ಕೆ ಒಂದು ಕೋರಿಕೆ ಕಳುಹಿಸುತ್ತದೆ: “ಇಂತಹ ಪದರ, ಇಷ್ಟು ಅಕ್ಷಾಂಶದಿಂದ ಇಷ್ಟರವರೆಗೆ, ಇಷ್ಟು ರೇಖಾಂಶದಿಂದ ಇಷ್ಟರವರೆಗೆ, ಇಷ್ಟು ಅಗಲದ ಚಿತ್ರ ಬೇಕು.” ಸರ್ವರು ಆ ಭಾಗವನ್ನಷ್ಟೇ ಬರೆದು ಕಳುಹಿಸುತ್ತದೆ. ಈ ಕೋರಿಕೆಯ ಭಾಷೆ ಎಲ್ಲರಿಗೂ ಒಂದೇ ಇರಲೆಂದು ಒಜಿಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟವು 2000ದಲ್ಲಿ ಡಬ್ಲ್ಯುಎಂಎಸ್ ಎಂಬ ನಿಯಮಾವಳಿಯನ್ನು ಹೊರಡಿಸಿತು. ಚಿತ್ರದ ಬದಲು ಗಡಿಯ ಅಂಕಿಗಳನ್ನೇ ಕೊಡುವುದಕ್ಕೆ ಡಬ್ಲ್ಯುಎಫ್‌ಎಸ್ ಎಂಬ ಇನ್ನೊಂದು ನಿಯಮಾವಳಿ ಇದೆ. ಊರಿಗೊಂದು ಸೇರು, ಸಂತೆಗೊಂದು ಬಳ್ಳ ಇದ್ದ ಕಾಲ ಹೋಗಿ ಎಲ್ಲೆಡೆ ಕಿಲೋಗ್ರಾಂ ಬಂದಂತೆ ಇದು. ಕಂದಾಯದವರ ನಕ್ಷೆಯ ಮೇಲೆ ಕೃಷಿ ಇಲಾಖೆಯ ಮಣ್ಣಿನ ನಕ್ಷೆಯನ್ನೂ, ಅದರ ಮೇಲೆ ನಮ್ಮ ಸಂಘದ ಬದುಗಳ ನಕ್ಷೆಯನ್ನೂ ಕೂಡಿಸಿ ನೋಡುವುದು ಇದರಿಂದ ಸಾಧ್ಯವಾಗುತ್ತದೆ.

ಈ ನಿಯಮಾವಳಿಯ ಪ್ರಕಾರ ನಕ್ಷೆ ಹಂಚುವ ತಂತ್ರಾಂಶಗಳಲ್ಲಿ ಬಹಳ ಬಳಕೆಯಲ್ಲಿರುವುದು ಜಿಯೋಸರ್ವರ್. ಇದು 2001ರಲ್ಲಿ ಅಮೆರಿಕದ ನ್ಯೂಯಾರ್ಕಿನ ಒಂದು ಸೇವಾ ಸಂಸ್ಥೆಯಲ್ಲಿ ಆರಂಭವಾಯಿತು. ನಗರ ಯೋಜನೆಯ ವಿಷಯದಲ್ಲಿ ಸಾಮಾನ್ಯ ನಾಗರಿಕರೂ ನಕ್ಷೆ ನೋಡಿ ಮಾತನಾಡುವಂತಾಗಲಿ ಎಂಬುದು ಅವರ ಉದ್ದೇಶವಾಗಿತ್ತು. ಇಂದು ಜಗತ್ತಿನ ಅನೇಕ ಸರ್ಕಾರಗಳು, ವಿಶ್ವವಿದ್ಯಾನಿಲಯಗಳು ಮತ್ತು ಸಣ್ಣ ಸಣ್ಣ ಸಂಘಗಳು ಇದನ್ನು ಬಳಸುತ್ತಿವೆ.

ಪುಕ್ಕಟೆ ಎಂದರೆ ಏನು?

ಜಿಯೋಸರ್ವರ್ ಮುಕ್ತ ತಂತ್ರಾಂಶ. ಅಂದರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಪರವಾನಗಿಗೆಂದು ಹಣ ಕೊಡಬೇಕಾಗಿಲ್ಲ. ಭಾರತ ಸರ್ಕಾರವು ಕೂಡ 2015ರಲ್ಲಿ ಸರ್ಕಾರಿ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು.

ಇಲ್ಲಿಯೇ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಕೊಳ್ಳುವ ಖರ್ಚಿಲ್ಲವೆಂದರೆ ಸಾಕುವ ಖರ್ಚೂ ಇಲ್ಲವೆಂದು ಭಾವಿಸುತ್ತೇವೆ. ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬೇಡ ಎನ್ನುತ್ತಾರೆ ಹಿರಿಯರು. ಒಳ್ಳೆಯದು, ಹಲ್ಲು ಎಣಿಸುವುದು ಬೇಡ. ಆದರೆ ದಾನದ ಹಸುವಿಗೂ ಹುಲ್ಲು, ನೀರು, ಕಾಲುಬಾಯಿ ರೋಗದ ಲಸಿಕೆ ಬೇಕೇ ಬೇಕು.

ಮುಕ್ತವಾಗಿರುವುದರ ನಿಜವಾದ ಲಾಭ ಬೇರೆ ಇದೆ. ಗ್ರಾಸ್ ಎಂಬ ಭೂಮಾಹಿತಿ ತಂತ್ರಾಂಶದ ಕಥೆಯನ್ನು ಕೇಳಿ. ಅದನ್ನು 1982ರಲ್ಲಿ ಅಮೆರಿಕದ ಸೇನೆಯ ಒಂದು ಸಂಶೋಧನಾಲಯವು ತನ್ನ ನೆಲೆಗಳ ಭೂಮಿ ನೋಡಿಕೊಳ್ಳಲು ಆರಂಭಿಸಿತು. 1990ರ ದಶಕದ ನಡುವಿನಲ್ಲಿ ಸೇನೆ ಅದನ್ನು ಕೈಬಿಟ್ಟಿತು. ಅದು ಒಂದು ಕಂಪನಿಯ ಬೀಗದೊಳಗಿನ ತಂತ್ರಾಂಶವಾಗಿದ್ದರೆ ಅಂದಿಗೇ ಅದರ ಕಥೆ ಮುಗಿಯುತ್ತಿತ್ತು. ಆದರೆ ಬರಹ ಎಲ್ಲರ ಕೈಯಲ್ಲಿದ್ದುದರಿಂದ ಜರ್ಮನಿಯ ಹ್ಯಾನೋವರ್ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಕಸ್ ನೆಟೆಲರ್ ಮತ್ತು ಅವರ ಜೊತೆಗಾರರು ಅದನ್ನು ಎತ್ತಿಕೊಂಡರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅದರ ಪ್ರತಿಯನ್ನು ತಮ್ಮಲ್ಲಿಟ್ಟು ಇಲ್ಲಿನ ಬಳಕೆದಾರರಿಗೆ ಹಂಚಿದರು. ನಲವತ್ತು ವರ್ಷ ದಾಟಿದರೂ ಅದು ಇಂದಿಗೂ ಬದುಕಿದೆ. ಒಡೆಯನು ಬಿಟ್ಟುಹೋದರೂ ಊರವರು ಉಳಿಸಿಕೊಳ್ಳಬಹುದು ಎಂಬುದೇ ಮುಕ್ತ ತಂತ್ರಾಂಶದ ಬಲ. ಆದರೆ ಉಳಿಸಿಕೊಳ್ಳಲು ಊರವರು ಮುಂದೆ ಬರಬೇಕು.

ನನ್ನದೇ ಒಂದು ತಪ್ಪು

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಒಂದು ಕಿರುಜಲಾನಯನದ ಮೂರು ಹಳ್ಳಿಗಳಲ್ಲಿ ನಾವು ಕೊಳವೆಬಾವಿಗಳ ನಕ್ಷೆ ಮಾಡಿದೆವು. ನೀರಿರುವ ಬಾವಿ, ಬತ್ತಿದ ಬಾವಿ, ಕೊರೆದು ವಿಫಲವಾಗಿ ಕಲ್ಲು ಮುಚ್ಚಿದ ಬಾವಿ, ಎಲ್ಲವನ್ನೂ ಗುರುತಿಸಿದೆವು. ಊರಿನ ಹುಡುಗರು ಮತ್ತು ಸಂಘದ ಹೆಣ್ಣುಮಕ್ಕಳು ಏಪ್ರಿಲ್ ಬಿಸಿಲಿನಲ್ಲಿ ಹೊಲ ಹೊಲ ತಿರುಗಿ ಗುರುತು ಹಾಕಿದರು. ಜಿಯೋಸರ್ವರಿನಲ್ಲಿ ಅದನ್ನು ಕೂಡಿಸಿದೆವು. ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದಾಗಿತ್ತು. ಅನೇಕರು ಬಂದು ನೋಡಿ ಹೊಗಳಿ ಹೋದರು.

ಸರ್ವರನ್ನು ನೋಡಿಕೊಳ್ಳುತ್ತಿದ್ದ ಯುವಕ 2018ರಲ್ಲಿ ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಅವನ ಜಾಗಕ್ಕೆ ನಾನು ಯಾರನ್ನೂ ನೇಮಿಸಲಿಲ್ಲ. ನಕ್ಷೆ ಹೇಗೂ ಕಾಣುತ್ತಿದೆಯಲ್ಲ ಎಂದುಕೊಂಡೆ. ಮೂರು ವರ್ಷ ಒಂದು ಸಲವೂ ನವೀಕರಿಸಲಿಲ್ಲ. 2021ರಲ್ಲಿ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದನ್ನು ತಂದು ನಮ್ಮ ಹಳೆಯ ಜಿಯೋಸರ್ವರನ್ನು ಅದರಲ್ಲಿ ಹಾಕಿದರೆ ಅದು ಏಳಲೇ ಇಲ್ಲ. ಹೊಸ ಯಂತ್ರದಲ್ಲಿದ್ದ ಹೊಸ ಜಾವಾದ ಮೇಲೆ ನಮ್ಮ ಹಳೆಯ ಆವೃತ್ತಿ ನಡೆಯುವಂತಿರಲಿಲ್ಲ. ಪ್ರತಿ ತೆಗೆದಿಟ್ಟಿದ್ದೇವೆಂದು ಹುಡುಕಿದರೆ ಸಿಕ್ಕಿದ್ದು ನಕ್ಷೆಯ ಚಿತ್ರಗಳು ಮಾತ್ರ. ಬಾವಿಗಳ ಅಂಕಿಅಂಶ ಅದರಲ್ಲಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಆ ಊರಿನ ರೈತರೊಬ್ಬರು ಸಾಲ ಮಾಡಿ ಕೊಳವೆಬಾವಿ ಕೊರೆಸಿದರು. ಬರಿಯ ಧೂಳು ಬಂತು. ಆಮೇಲೆ ಪಕ್ಕದ ಹೊಲದ ಮುದುಕರು ಹೇಳಿದರಂತೆ, ಅದೇ ಬದುವಿನಾಚೆ ಹಿಂದಿನ ಮಾಲೀಕರು ಎರಡು ಸಲ ಕೊರೆಸಿ ಕೈಸುಟ್ಟುಕೊಂಡಿದ್ದರು ಎಂದು. ಆ ರೈತರು ನನ್ನ ಬಳಿ ಬಂದು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಲ್ಲ ಸಾರ್, ನಿಮ್ಮ ನಕ್ಷೇಲಿ ಆ ಎರಡು ಬೋರೂ ಇದ್ವಂತಲ್ಲ, ನಾನು ನೋಡೋ ಹೊತ್ತಿಗೆ ನಕ್ಷೇನೇ ಇರಲಿಲ್ವಲ್ಲ?”

ಗಟ್ಟಿಶಿಲೆಯ ನಾಡಿನಲ್ಲಿ ಒಂದು ಬಾವಿ ವಿಫಲವಾದ ಮಾತ್ರಕ್ಕೆ ಪಕ್ಕದ್ದೂ ವಿಫಲವಾಗುತ್ತದೆಂದು ಖಂಡಿತವಾಗಿ ಹೇಳಲು ಬರುವುದಿಲ್ಲ. ಆದರೂ ಗೊತ್ತಿದ್ದರೆ ಅವರು ಎರಡು ಸಲ ಯೋಚಿಸುತ್ತಿದ್ದರು. ನಾನು ಅವರಿಗೆ ಕೊಡಲು ಉತ್ತರವಿರಲಿಲ್ಲ. ತಂತ್ರಾಂಶ ಕೆಟ್ಟದ್ದಾಗಿರಲಿಲ್ಲ. ಕಾಯುವವರಿರಲಿಲ್ಲ, ಅಷ್ಟೆ.

ಸವೆಯದ ವಸ್ತು ಕೆಡುವುದೇಕೆ?

ನೇಗಿಲ ಕುಳ ಸವೆಯುತ್ತದೆ, ಪಂಪಿನ ವಾಷರ್ ಸವೆಯುತ್ತದೆ. ತಂತ್ರಾಂಶದಲ್ಲಿ ಸವೆಯುವ ಭಾಗವೇ ಇಲ್ಲ. ಹಾಗಿದ್ದರೂ ಅದು ಏಕೆ ಕೆಡುತ್ತದೆ? ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದಾಗಿ, ಅದು ನಿಂತಿರುವ ನೆಲ ಬದಲಾಗುತ್ತದೆ. ಜಿಯೋಸರ್ವರ್ ನಿಂತಿರುವುದು ಜಾವಾ ಎಂಬ ಅಡಿಪಾಯದ ಮೇಲೆ. 2023ರಲ್ಲಿ ಬಂದ ಜಿಯೋಸರ್ವರ್ 2.23ಕ್ಕೆ ಜಾವಾ 8 ಸಾಲದಾಯಿತು, ಕನಿಷ್ಠ 11 ಬೇಕಾಯಿತು. ಹಾಗೆಂದು ಕಂಡದ್ದನ್ನೆಲ್ಲ ಹೊಸದು ಮಾಡಿದರೂ ತೊಂದರೆಯೇ. ಜಿಯೋಸರ್ವರಿನ 2ನೆಯ ಸರಣಿಯ ಆವೃತ್ತಿಗಳು ಟಾಮ್‌ಕ್ಯಾಟ್ 9ರ ಮೇಲೆ ನಡೆಯುತ್ತವೆ, ಟಾಮ್‌ಕ್ಯಾಟ್ 10ರ ಮೇಲೆ ನಡೆಯುವುದಿಲ್ಲ. ಟ್ರ್ಯಾಕ್ಟರಿಗೂ ಟ್ರೈಲರಿಗೂ ಕೊಂಡಿ ಹೊಂದಬೇಕಾದಂತೆ ಇವುಗಳೂ ಒಂದಕ್ಕೊಂದು ಹೊಂದಬೇಕು.

ಎರಡನೆಯದಾಗಿ, ಅಳತೆಯ ರೀತಿಯೇ ಬದಲಾಗುತ್ತದೆ. ಡಬ್ಲ್ಯುಎಂಎಸ್‌ನ 1.1.1ನೆಯ ಆವೃತ್ತಿಯಲ್ಲಿ ಸ್ಥಳವನ್ನು ಹೇಳುವಾಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. 1.3.0ನೆಯದರಲ್ಲಿ ಸಾಮಾನ್ಯ ಬಳಕೆಯ ಅಕ್ಷಾಂಶ-ರೇಖಾಂಶ ಪದ್ಧತಿಗೆ ಈ ಕ್ರಮ ತಿರುವುಮುರುವಾಯಿತು. ಧಾರವಾಡವು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕ್ರಮ ತಪ್ಪಿದರೆ ಧಾರವಾಡದ ಹೊಲ 75 ಡಿಗ್ರಿ ಉತ್ತರಕ್ಕೆ ಹೋಗಿ ಉತ್ತರ ಧ್ರುವದ ಕಡೆಯ ತಣ್ಣನೆಯ ಸಮುದ್ರದಲ್ಲಿ ಬೀಳುತ್ತದೆ. ನಕ್ಷೆ ಖಾಲಿ ಕಾಣುತ್ತದೆ. ತಂತ್ರಾಂಶ ಕೆಟ್ಟಿತೆಂದು ನಾವು ಗೊಣಗುತ್ತೇವೆ. ಇದಕ್ಕಿಂತ ಸೂಕ್ಷ್ಮವಾದ ಬದಲಾವಣೆಗಳೂ ಇವೆ. ಆಸ್ಟ್ರೇಲಿಯ ಖಂಡವು ವರ್ಷಕ್ಕೆ ಸುಮಾರು 7 ಸೆಂಟಿಮೀಟರಿನಂತೆ ಸರಿಯುತ್ತಿದೆ. ಆದುದರಿಂದ ಅಲ್ಲಿನವರು 1994ರ ಅಳತೆಯ ಆಧಾರವನ್ನು ಬಿಟ್ಟು 2020ರ ಹೊಸ ಆಧಾರವನ್ನು ತಂದರು. ಎರಡರ ನಡುವಿನ ವ್ಯತ್ಯಾಸ ಸುಮಾರು 1.8 ಮೀಟರ್. ಬದುವಿನ ಜಗಳ ಹತ್ತಲು ಅಷ್ಟು ಸಾಲದೇ? ಹಳೆಯ ತಂತ್ರಾಂಶಕ್ಕೆ ಹೊಸ ಆಧಾರದ ಪರಿಚಯವೇ ಇರುವುದಿಲ್ಲ.

ಮೂರನೆಯದಾಗಿ, ಮೊದಲಿನಿಂದಲೂ ಒಳಗೆ ಅಡಗಿದ್ದ ದೋಷ ಒಂದು ದಿನ ಬಯಲಾಗುತ್ತದೆ. ಏರಿಯ ಒಳಗೆ ಬಿಲ ಹಿಂದೆಯೇ ಇರುತ್ತದೆ. ನೀರು ತುಂಬಿದಾಗ ಗೊತ್ತಾಗುತ್ತದೆ. ಇದು ಎಲ್ಲಕ್ಕಿಂತ ಅಪಾಯಕರವಾದುದು.

2024ರ ಪಾಠ

2024ರ ಜುಲೈ ತಿಂಗಳ ಮೊದಲಲ್ಲಿ ಜಿಯೋಸರ್ವರಿನ ಒಂದು ದೊಡ್ಡ ದೋಷ ಪ್ರಕಟವಾಯಿತು. ಅದು ಸಿವಿಇ-2024-36401 ಎಂಬ ಸಂಖ್ಯೆಯಿಂದ ದಾಖಲಾಗಿದೆ. ತೀವ್ರತೆಯ ಅಳತೆಯಲ್ಲಿ ಹತ್ತಕ್ಕೆ 9.8. ಹೊರಗಿನಿಂದ ಬರುವ ಕೋರಿಕೆಯಲ್ಲಿ “ಮಣ್ಣಿನ ವರ್ಗ”, “ಬಾವಿಯ ಆಳ” ಎಂಬಂತಹ ಕಲಮಿನ ಹೆಸರು ಇರುತ್ತದಷ್ಟೆ. ಜಿಯೋಸರ್ವರ್ ಆಧರಿಸಿರುವ ಜಿಯೋಟೂಲ್ಸ್ ಎಂಬ ಭಾಗವು ಆ ಹೆಸರನ್ನು ಬರಿಯ ಹೆಸರೆಂದು ಓದದೆ, ನಡೆಸಬೇಕಾದ ಸೂತ್ರವೆಂದು ಓದುತ್ತಿತ್ತು. ಹೀಗಾಗಿ ಹೆಸರಿನ ಜಾಗದಲ್ಲಿ ಆಜ್ಞೆಯನ್ನು ಬರೆದು ಕಳುಹಿಸಿದರೆ ಸರ್ವರು ಅದನ್ನು ಪಾಲಿಸಿಬಿಡುತ್ತಿತ್ತು. ಗುಪ್ತಪದವೂ ಬೇಕಾಗಿರಲಿಲ್ಲ. ಸಂತೆಯಲ್ಲಿ ಚೀಟಿ ಕೊಟ್ಟು ಸಾಮಾನು ಕೇಳಿದರೆ, ಅಂಗಡಿಯವನು ಚೀಟಿಯಲ್ಲಿ “ಗಲ್ಲಾಪೆಟ್ಟಿಗೆ ತೆರೆ” ಎಂದು ಬರೆದುದನ್ನು ಓದಿ ತೆರೆದಂತೆ.

ದೋಷ ಪ್ರಕಟವಾಗುವ ವೇಳೆಗೆ ಅದನ್ನು ಸರಿಪಡಿಸಿದ 2.23.6, 2.24.4, 2.25.2 ಆವೃತ್ತಿಗಳು ಸಿದ್ಧವಾಗಿದ್ದುವು. ಮುಕ್ತ ತಂತ್ರಾಂಶ ಕಾಯುವವರು ತಮ್ಮ ಕೆಲಸ ಮಾಡಿದ್ದರು. ಉಳಿದದ್ದು ಬಳಸುವವರ ಕೆಲಸ. ಆದರೆ ಏನಾಯಿತು? ಅಮೆರಿಕದ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯ ಜಿಯೋಸರ್ವರಿನೊಳಗೆ ಜುಲೈ 11ರಂದು ಕಳ್ಳರು ಇದೇ ದಾರಿಯಿಂದ ನುಗ್ಗಿದರು. ಜುಲೈ 15ರಂದು ಆ ದೇಶದ ಗಣಕ ಭದ್ರತಾ ಇಲಾಖೆಯಾದ ಸಿಸಾ, ಈ ದೋಷವನ್ನು ಕಳ್ಳರು ಬಳಸುತ್ತಿದ್ದಾರೆಂದು ತನ್ನ ಎಚ್ಚರಿಕೆಯ ಪಟ್ಟಿಗೆ ಸೇರಿಸಿತು. ಆದರೂ ಜುಲೈ 24ರಂದು ಅದೇ ಸಂಸ್ಥೆಯ ಎರಡನೆಯ ಜಿಯೋಸರ್ವರಿನೊಳಗೂ ಅದೇ ದಾರಿಯಿಂದ ನುಗ್ಗಿದರು. ಸುಮಾರು ಮೂರು ವಾರ ಯಾರ ಕಣ್ಣಿಗೂ ಬೀಳದೆ ಅಲ್ಲಿಂದ ಬೇರೆ ಯಂತ್ರಗಳಿಗೂ ಹರಡಿದರು. ಈ ವಿವರಗಳನ್ನು ಸಿಸಾ ಇಲಾಖೆಯೇ 2025ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಪಾಠವಾಗಲೆಂದು ಪ್ರಕಟಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಔಷಧ ಅಂಗಡಿಯಲ್ಲಿತ್ತು, ಬೆಲೆಯೂ ಇರಲಿಲ್ಲ. ಹೊಡೆಯುವ ಕೈ ಮಾತ್ರ ತಡವಾಯಿತು. ಹಣ, ಸಿಬ್ಬಂದಿ ಎಲ್ಲ ಇರುವವರ ಪಾಡೇ ಹೀಗಾದರೆ, “ನಮ್ಮ ಸಣ್ಣ ಸಂಘದ ನಕ್ಷೆಯ ಮೇಲೆ ಯಾರಿಗೆ ಆಸೆ?” ಎಂದು ನಾವು ಸುಮ್ಮನಿರುವಂತಿಲ್ಲ. ಕಳ್ಳರಿಗೆ ನಮ್ಮ ನಕ್ಷೆ ಬೇಕಾಗಿರುವುದಿಲ್ಲ. ನಮ್ಮ ಯಂತ್ರವೇ ಬೇಕು. ಅದರಲ್ಲಿ ಕೂತು ಬೇರೆಯವರ ಮೇಲೆ ದಾಳಿ ನಡೆಸುತ್ತಾರೆ.

ನವೀಕರಿಸುವ ಕ್ರಮ

ಈಗ ವಿಸ್ತರಣಾ ಕಾರ್ಯಕರ್ತರು ಮತ್ತು ಸಂಘಗಳು ಅನುಸರಿಸಬೇಕಾದ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ. ದಯವಿಟ್ಟು ಬರೆದುಕೊಳ್ಳಿರಿ.

1. ಮೊದಲು ನಮ್ಮಲ್ಲಿರುವ ಆವೃತ್ತಿ ಯಾವುದೆಂದು ತಿಳಿಯಬೇಕು. ಜಿಯೋಸರ್ವರಿನ ಆವೃತ್ತಿಯಲ್ಲಿ ಮೂರು ಅಂಕಿಗಳಿರುತ್ತವೆ. ಉದಾಹರಣೆಗೆ 2.24.4. ನಡುವಿನ ಅಂಕಿ ಆರು ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ, ಬದಲಾಗುತ್ತದೆ. ಕೊನೆಯ ಅಂಕಿ ದುರಸ್ತಿಯನ್ನು ಸೂಚಿಸುತ್ತದೆ. ಒಂದು ಸರಣಿಗೆ ಸುಮಾರು ಒಂದು ವರ್ಷ ಕಾಲ ದುರಸ್ತಿ ದೊರೆಯುತ್ತದೆ. ಅದಕ್ಕಿಂತ ಹಳೆಯದನ್ನು ಇಟ್ಟುಕೊಂಡರೆ ಬೇಲಿಯಿಲ್ಲದ ಹೊಲದಂತೆ.

2. ವರ್ಷಕ್ಕೆ ಎರಡು ದಿನ ಗೊತ್ತುಮಾಡಿರಿ. ನಾವು ಯುಗಾದಿಯ ನಂತರ ಒಮ್ಮೆ, ಆಯುಧ ಪೂಜೆಯ ಸಮಯದಲ್ಲಿ ಒಮ್ಮೆ ಎಂದು ಇಟ್ಟುಕೊಂಡಿದ್ದೇವೆ. ನೇಗಿಲು, ಪಂಪು, ಟ್ರ್ಯಾಕ್ಟರು ತೊಳೆದು ಪೂಜಿಸುವ ದಿನ ಸರ್ವರಿಗೂ ಒಂದಿಷ್ಟು ಹೊತ್ತು ಸಲ್ಲಲಿ. ಆದರೆ ಭದ್ರತೆಯ ದೋಷಕ್ಕೆ ದುರಸ್ತಿ ಬಂದಾಗ ಹಬ್ಬ ಕಾಯಬಾರದು, ಕೂಡಲೇ ಹಾಕಬೇಕು.

3. ಕೈ ಹಾಕುವ ಮುಂಚೆ ಪ್ರತಿ ತೆಗೆಯಬೇಕು. ಜಿಯೋಸರ್ವರಿನಲ್ಲಿ ತಂತ್ರಾಂಶ ಬೇರೆ, ಅದರ ದತ್ತಾಂಶದ ಕಡತಕೋಶ ಬೇರೆ. ಪದರಗಳ ಪಟ್ಟಿ, ಬಣ್ಣಗಳ ವಿವರ, ಬಳಕೆದಾರರ ಹೆಸರು ಎಲ್ಲ ಈ ಕೋಶದಲ್ಲಿರುತ್ತವೆ. ಇದನ್ನು ತಂತ್ರಾಂಶದ ಕೋಶದ ಹೊರಗೆ ಇಟ್ಟಿರಬೇಕು. ಗಡಿ ಮತ್ತು ಬಾವಿಗಳ ಅಂಕಿಅಂಶಗಳು ಪೋಸ್ಟ್‌ಜಿಐಎಸ್‌ನಲ್ಲಿದ್ದರೆ ಅದರ ಪ್ರತಿಯನ್ನು ಪ್ರತ್ಯೇಕವಾಗಿ ತೆಗೆಯಬೇಕು. ನಾನು ಮಾಡಿದಂತೆ ಚಿತ್ರಗಳನ್ನಷ್ಟೇ ಇಟ್ಟುಕೊಂಡರೆ ಬೀಜ ಬಿಟ್ಟು ಹೊಟ್ಟು ಕೂಡಿಟ್ಟಂತೆ.

4. ತೆಗೆದಿಟ್ಟ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಹಾಕಿ ನೋಡಬೇಕು. ಹೊಸ ತಳಿಯನ್ನು ಮೊದಲು ಒಂದು ಮಡಿಯಲ್ಲಿ ಬೆಳೆದು ನೋಡುವ ಹಾಗೆ ಹೊಸ ಆವೃತ್ತಿಯನ್ನೂ ಅಲ್ಲಿಯೇ ಪರೀಕ್ಷಿಸಿ, ಸರಿಯಾದ ಮೇಲೆ ಮುಖ್ಯ ಸರ್ವರಿಗೆ ಹಾಕಬೇಕು. ಹೊಸ ಆವೃತ್ತಿಗೆ ಯಾವ ಜಾವಾ, ಯಾವ ಟಾಮ್‌ಕ್ಯಾಟ್ ಬೇಕೆಂಬುದನ್ನು ಅದರ ಬಿಡುಗಡೆಯ ಟಿಪ್ಪಣಿಯಲ್ಲಿ ಮೊದಲೇ ಓದಬೇಕು.

5. ನವೀಕರಿಸಿದ ಮೇಲೆ ಗೊತ್ತಿರುವ ಐದಾರು ಜಾಗಗಳನ್ನು ತೆರೆದು ಪರೀಕ್ಷಿಸಬೇಕು. ದೇವಸ್ಥಾನ, ಶಾಲೆ, ಕೆರೆಯ ಕೋಡಿ ಮೊದಲಿದ್ದ ಜಾಗದಲ್ಲಿಯೇ ಇವೆಯೇ? ಹಾಗೆಯೇ ಕನ್ನಡದ ಹೆಸರುಗಳನ್ನು ನೋಡಬೇಕು. ಹೊಸ ಯಂತ್ರದಲ್ಲಿ ಕನ್ನಡದ ಅಕ್ಷರಮಾದರಿ ಇಲ್ಲದಿದ್ದರೆ ಊರಿನ ಹೆಸರಿನ ಜಾಗದಲ್ಲಿ ಬರಿಯ ಚೌಕಗಳು ಕಾಣುತ್ತವೆ. ಶೇಪ್‌ಫೈಲ್‌ನಲ್ಲಿರುವ ಕನ್ನಡ ಹೆಸರುಗಳಿಗೆ ಯುಟಿಎಫ್-8 ಎಂದು ಸೂಚಿಸದಿದ್ದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ.

6. ಜಿಯೋಸರ್ವರ್ ಬರುವಾಗಲೇ ಅದರೊಡನೆ ಒಂದು ಗುಪ್ತಪದ ಬರುತ್ತದೆ. ಅದು ಕೈಪಿಡಿಯಲ್ಲಿಯೇ ಅಚ್ಚಾಗಿದೆ, ಅಂದರೆ ಜಗತ್ತಿಗೆಲ್ಲ ಗೊತ್ತು. ಮೊದಲ ದಿನವೇ ಅದನ್ನು ಬದಲಿಸಬೇಕು. ಬಳಸದ ಸೌಲಭ್ಯಗಳನ್ನು ಮುಚ್ಚಬೇಕು.

7. ಒಬ್ಬರಿಗೇ ಎಲ್ಲ ಗೊತ್ತಿರುವುದು ಅಪಾಯ. ಕನಿಷ್ಠ ಇಬ್ಬರಿಗೆ ಕೆಲಸ ಕಲಿಸಿರಿ. ಯಾವಾಗ ಏನು ಬದಲಿಸಿದೆವೆಂದು ಒಂದು ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಿರಿ. ಈ ಪುಸ್ತಕ ವ್ಯಕ್ತಿಯ ಬಳಿ ಇರದೆ ಸಂಘದ ಕಚೇರಿಯಲ್ಲಿರಬೇಕು.

ಹೂಳೆತ್ತುವವರು ಯಾರು?

ಇಷ್ಟು ನಮ್ಮ ಮನೆಯ ಕೆಲಸ. ಆದರೆ ದುರಸ್ತಿಯ ಆವೃತ್ತಿಗಳನ್ನು ಬರೆಯುವವರು ಯಾರು ಎಂಬುದನ್ನೂ ತಿಳಿಯಬೇಕು. ಜಗತ್ತು ಎಷ್ಟು ಕಡಿಮೆ ಜನರ ಮೇಲೆ ನಿಂತಿದೆಯೆಂದು ತಿಳಿದರೆ ಆಶ್ಚರ್ಯವಾಗುತ್ತದೆ.

ಜಿಡಾಲ್ ಎಂಬ ಒಂದು ಮುಕ್ತ ತಂತ್ರಾಂಶವಿದೆ. ಉಪಗ್ರಹ ಚಿತ್ರ ಮತ್ತು ನಕ್ಷೆಗಳ ನಾನಾ ಬಗೆಯ ಕಡತಗಳನ್ನು ಓದಿ ಒಂದರಿಂದ ಇನ್ನೊಂದಕ್ಕೆ ಮಾರ್ಪಡಿಸುವುದು ಅದರ ಕೆಲಸ. ನಾವು ಬಳಸುವ ಕ್ಯೂಜಿಐಎಸ್ ಸೇರಿದಂತೆ ದುಬಾರಿ ಬೆಲೆಯ ತಂತ್ರಾಂಶಗಳ ಒಳಗೂ ಅದು ಇದೆ. ಇದನ್ನು ಫ್ರಾಂಕ್ ವಾರ್ಮರ್‌ಡ್ಯಾಮ್ ಎಂಬವರು 1998ರಲ್ಲಿ ಆರಂಭಿಸಿದರು. ಆಮೇಲೆ ಅನೇಕ ವರ್ಷಗಳಿಂದ ಇದರ ಭಾರದ ಬಹುಪಾಲನ್ನು ಹೊತ್ತವರು ಫ್ರಾನ್ಸ್ ದೇಶದ ಈವನ್ ರೂಅ. ಬಳಸುವವರು ಲಕ್ಷಾಂತರ, ಹೂಳೆತ್ತುವವರು ಬೆರಳೆಣಿಕೆಯಷ್ಟು.

2018ರಲ್ಲಿ ಜಿಡಾಲ್ ಮತ್ತು ಪ್ರೋಜ್ ಎಂಬ ತಂತ್ರಾಂಶಗಳಲ್ಲಿ ಅಳತೆಯ ಆಧಾರಗಳನ್ನು ನೋಡಿಕೊಳ್ಳುವ ಭಾಗವನ್ನೇ ಹೊಸದಾಗಿ ಕಟ್ಟಬೇಕಾಗಿ ಬಂತು. ಆಸ್ಟ್ರೇಲಿಯದಂತಹ ಬದಲಾವಣೆಗಳನ್ನು ಹಳೆಯ ಕಟ್ಟಡ ತಾಳುವಂತಿರಲಿಲ್ಲ. ಆಗ ಅವರು ಮಾಡಿದ ಉಪಾಯ ನಮಗೆ ಹೊಸದಲ್ಲ. ಅಮೆರಿಕದ ಹಳ್ಳಿಗಳಲ್ಲಿ ಒಬ್ಬ ರೈತನ ಕಣಜದ ಕೊಟ್ಟಿಗೆ ಎತ್ತುವಾಗ ನೆರೆಯವರೆಲ್ಲ ಬಂದು ಕೈಹಾಕುವ ಪದ್ಧತಿಯಿತ್ತು. ಅದೇ ಹೆಸರಿನಲ್ಲಿ ಜಿಡಾಲ್‌ನವರು ಬಳಕೆದಾರ ಸಂಸ್ಥೆಗಳನ್ನು ಕರೆದು ಹಣ ಕೂಡಿಸಿದರು. ಆ ಕೆಲಸದ ಫಲವಾಗಿ 2019ರಲ್ಲಿ ಜಿಡಾಲ್ 3.0 ಹೊರಬಂತು. ನಾವು ಇದನ್ನು ಮುಯ್ಯಾಳು ಎನ್ನುತ್ತೇವೆ. ಇಂದು ನಿನ್ನ ಹೊಲದ ನಾಟಿಗೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

ಜಿಯೋಸರ್ವರಿಗೂ ಇಂತಹ ಕಾಲವೇ ಬಂತು. ಅದು ಆಧರಿಸಿದ್ದ ಸ್ಪ್ರಿಂಗ್ ಎಂಬ ಅಡಿಪಾಯದ 5ನೆಯ ಸರಣಿಗೆ ಉಚಿತ ದುರಸ್ತಿಯು 2024ರ ಆಗಸ್ಟಿನಲ್ಲಿ ನಿಂತಿತು. ಅಡಿಪಾಯವನ್ನೇ ಬದಲಿಸಿ ಜಿಯೋಸರ್ವರ್ 3 ಕಟ್ಟಬೇಕಾಗಿ ಬಂತು. ಇದು ಬಿಡುವಿನ ವೇಳೆಯಲ್ಲಿ ಆಗುವ ಕೆಲಸವಲ್ಲ. ಅದೇ ವರ್ಷ ಮೂರು ಕಂಪನಿಗಳು ಕೂಡಿ 5,50,000 ಯೂರೋ ಗುರಿಯಿಟ್ಟು ಬಳಕೆದಾರರಿಂದ ಹಣ ಸಂಗ್ರಹಿಸಲು ಹೊರಟವು. ಯಾರೋ ಒಬ್ಬ ದೊರೆ ಕೊಟ್ಟ ಹಣವಲ್ಲ, ಬಳಸುವವರೇ ತಮ್ಮ ಪಾಲು ಹಾಕಬೇಕೆಂಬ ಕರೆ.

ನಾವು ಮಾಡಬಹುದಾದುದು

ನಮ್ಮಿಂದ ಏನಾದೀತು ಎಂದು ಕೇಳಬಹುದು. ಮುಯ್ಯಿಗೆ ಹೋಗುವವರೆಲ್ಲ ಗುದ್ದಲಿಯನ್ನೇ ಹಿಡಿಯಬೇಕಾಗಿಲ್ಲ. ನೀರು ಹೊತ್ತುಕೊಟ್ಟವರೂ ಪಾಲುದಾರರೇ.

ತಪ್ಪು ಕಂಡರೆ ತಿಳಿಸುವುದೇ ದೊಡ್ಡ ಸಹಾಯ. “ನಕ್ಷೆ ಬರುತ್ತಿಲ್ಲ” ಎಂದರೆ ಸಾಲದು. ಯಾವ ಆವೃತ್ತಿ, ಏನು ಮಾಡಿದಾಗ, ಏನು ಕಂಡಿತು ಎಂದು ಬರೆಯಬೇಕು. ಬೆಳೆಗೆ ರೋಗ ಬಂದಾಗ ಗಿಡವನ್ನು ಬೇರುಸಮೇತ ತಂದು ತೋರಿಸಿರಿ ಎಂದು ನಾವು ತಮಗೆ ಹೇಳುವುದಿಲ್ಲವೇ, ಹಾಗೆ. ಆದರೆ ಭದ್ರತೆಯ ದೋಷ ಕಂಡರೆ ಬಹಿರಂಗವಾಗಿ ಸಾರದೆ ಕಾಯುವವರಿಗೆ ಮಾತ್ರ ಗುಟ್ಟಾಗಿ ತಿಳಿಸಬೇಕು. ಕನ್ನಡದ ಅಕ್ಷರಗಳು ಸರಿಯಾಗಿ ಮೂಡದಿದ್ದರೆ ಅದನ್ನು ಫ್ರಾನ್ಸಿನವರಾಗಲಿ ಕೆನಡಾದವರಾಗಲಿ ಕಂಡುಹಿಡಿಯಲಾರರು. ಅದನ್ನು ನಾವೇ ಹೇಳಬೇಕು. ಇಂಗ್ಲಿಷ್ ಬಲ್ಲ ನಮ್ಮ ಕೃಷಿ ಪದವೀಧರರು ಕೈಪಿಡಿಯ ಭಾಗಗಳನ್ನು ಕನ್ನಡಕ್ಕೆ ತಂದರೆ ಸಂಘಗಳಿಗೆ ಮಹದುಪಕಾರ.

ಯೋಜನೆ ಬರೆಯುವ ಅಧಿಕಾರಿ ಮಿತ್ರರಲ್ಲಿ ನನ್ನದೊಂದು ವಿಶೇಷ ವಿನಂತಿ. ಅಂದಾಜುಪಟ್ಟಿಯಲ್ಲಿ ಸರ್ವರ್ ಕೊಳ್ಳುವ ಹಣವನ್ನು ಬರೆಯುತ್ತೀರಿ, ಉದ್ಘಾಟನೆಯ ಶಾಮಿಯಾನದ ಹಣವನ್ನೂ ಬರೆಯುತ್ತೀರಿ. ಎರಡನೆಯ, ಮೂರನೆಯ ವರ್ಷದ ನಿರ್ವಹಣೆಗೂ ಒಂದು ಸಾಲು ಬರೆಯಿರಿ. ಯೋಜನೆ ಮುಗಿದ ಮೇಲೆ ನಕ್ಷೆಯನ್ನು ಯಾರು ಕಾಯುತ್ತಾರೆಂಬುದನ್ನು ಮೊದಲ ದಿನವೇ ತೀರ್ಮಾನಿಸಿರಿ.

ರೈತ ಬಾಂಧವರು ಒಂದು ಪ್ರಶ್ನೆಯನ್ನು ಮಾತ್ರ ತಪ್ಪದೆ ಕೇಳಬೇಕು. ತಮ್ಮ ಹೊಲದ ಮಾಹಿತಿಯನ್ನು ಯಾರಾದರೂ ನಕ್ಷೆಗೆಂದು ಬರೆದುಕೊಂಡರೆ, “ಇದರ ಒಂದು ಪ್ರತಿ ನಮ್ಮ ಸಂಘಕ್ಕೆ ಯಾವ ರೂಪದಲ್ಲಿ ಕೊಡುತ್ತೀರಿ?” ಎಂದು ಕೇಳಿರಿ. ಜಿಯೋಪ್ಯಾಕೇಜ್‌ನಂತಹ ಮುಕ್ತ ರೂಪದಲ್ಲಿ ಒಂದು ಕಡತ ತಮ್ಮ ಬಳಿ ಇದ್ದರೆ, ಸರ್ವರು ಸತ್ತರೂ ಮಾಹಿತಿ ಸಾಯುವುದಿಲ್ಲ.

ನಾನು ಹೇಳಿದ ಆ ಮೂರು ಹಳ್ಳಿಗಳ ನಕ್ಷೆಯ ಗತಿ ಏನಾಯಿತೆಂದು ತಾವು ಕೇಳುವಿರಿ. ಸಂಘದ ಕಾರ್ಯದರ್ಶಿಯಾಗಿದ್ದ ಹೆಣ್ಣುಮಗಳು ಅಂದು ಹೊಲ ತಿರುಗುವಾಗ ಪ್ರತಿ ಬಾವಿಯ ಸರ್ವೆ ನಂಬರನ್ನೂ ಅಂಕಿಗಳನ್ನೂ ಒಂದು ನೂರು ಹಾಳೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ. ಮೇಲಿನ ರೈತರು ಬಂದು ಕೇಳಿದ ಮೇಲೆ ಆ ಪುಸ್ತಕ ಹಿಡಿದು ಇನ್ನೊಮ್ಮೆ ಹೊಲ ಸುತ್ತಿದೆವು, ನಕ್ಷೆ ಮತ್ತೆ ಎದ್ದಿತು. ಆ ವಿಫಲ ಬಾವಿಗಳ ಪಕ್ಕದಲ್ಲಿ ಮೂರನೆಯದನ್ನೂ ಗುರುತಿಸಿದೆವು. ಈಗ ಅದನ್ನು ಕಾಯುವವರು ಊರಿನವರೇ ಇಬ್ಬರಿದ್ದಾರೆ. ನೀರುಗಂಟಿಯಂತೆ ಅವರಿಗೂ ವರ್ಷಕ್ಕಿಷ್ಟು ಎಂದು ಸಂಘವೇ ಕೊಡುತ್ತದೆ.

ಕೆರೆಯ ನೀರನ್ನು ಎಲ್ಲರೂ ಕುಡಿಯುತ್ತೇವೆ, ಹೂಳು ತೆಗೆಯುವಾಗ ಒಂದು ಬುಟ್ಟಿಯನ್ನಾದರೂ ಎಲ್ಲರೂ ಹೊರೋಣ.